ಕಿವಿಯ ಹತ್ತಿರ ಹಿಡಿದ ಕಾಯಿ

ನಮ್ಮ ಸೀಮೆಯಲ್ಲಿ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಹೇಳುವುದು ಕಣ್ಣಲ್ಲ, ಕಿವಿ. ಅಟ್ಟದ ಮೇಲೆ ಸಿಪ್ಪೆ ಸಮೇತ ಪೇರಿಸಿಟ್ಟ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿರಬೇಕು. ಒಳಗಿನ ನೀರು ತನ್ನ ಪಾಡಿಗೆ ತಾನು ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಆಮೇಲೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಗಡಗಡ ಅಂದರೆ ಕೊಬ್ಬರಿ, ಸುಲಿಯಲು ಹಾಕು. ತುರುವೇಕೆರೆ ತಾಲ್ಲೂಕಿನ ನಮ್ಮ ಮನೆಯ ಜಗಲಿಯಲ್ಲಿ ದೊಡ್ಡಪ್ಪ ಈ ಕೆಲಸಕ್ಕೆ ಕೂತರೆ ಮಾತು ಯಾವ ಕಡೆಗೆ ಹರಿಯುತ್ತಿದ್ದರೂ ಕೈ ಮಾತ್ರ ಕಿವಿಯ ಹತ್ತಿರ ಹೋಗಿ ಬರುತ್ತಲೇ ಇರುತ್ತದೆ.

2025ರ ಆಷಾಢದಲ್ಲಿ ಹಾಗೆ ಕೂತಿದ್ದಾಗ ನಮ್ಮ ಅಕ್ಕನ ಮಗ ಬಂದ. ಅವನು ಬ್ರಸೆಲ್ಸ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಬೇಸಿಗೆ ರಜೆಗೆ ಬಂದಿದ್ದ. ಅಲ್ಲಿಯ ಬೇಸಿಗೆ ಅಂದರೆ ನಮ್ಮ ಜಡಿಮಳೆ ಕಾಲ ಅನ್ನುವುದೇ ದೊಡ್ಡಪ್ಪನಿಗೆ ಪ್ರತಿ ವರ್ಷದ ಸೋಜಿಗ. ಕೊಬ್ಬರಿ ಬೆಲೆ ಆಗ ಆಕಾಶದಲ್ಲಿತ್ತು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 8,000 ರೂಪಾಯಿ ಆಸುಪಾಸಿಗೆ ಬಿದ್ದು ಊರೂರೇ ಧರಣಿ ಕೂತಿದ್ದ ಅದೇ ಕೊಬ್ಬರಿ ಈಗ 25,000 ದಾಟಿತ್ತು. ದಾಟಿದ್ದೇನೋ ಸರಿ, ಅಟ್ಟದಲ್ಲಿ ಕಾಯಿ ಎಲ್ಲಿದೆ? ಬಿಳಿನೊಣ, ನುಸಿ, ಕಪ್ಪುತಲೆ ಹುಳು ಎಲ್ಲ ಸೇರಿ ತೋಟಗಳನ್ನು ಸೊರಗಿಸಿದ ಮೇಲೆ ಬಂದ ಬೆಲೆ ಅದು. ಇರಲಿ, ಆ ದುಃಖ ಇನ್ನೊಂದು ದಿನಕ್ಕೆ.

ಹುಡುಗ ಕಾಫಿ ಲೋಟ ಹಿಡಿದು ಕೂತ. ಕಾಫಿಯಿಂದಲೇ ಮಾತು ಶುರುವಾಯಿತು. ಅವನ ಹೆಂಡತಿಯ ತವರು ಸಕಲೇಶಪುರದ ಕಡೆ, ಮಾವನವರದು ಕಾಫಿ ತೋಟ. ಕಾಡು ಕಡಿದು ಬೆಳೆದ ಮಾಲನ್ನು ತಮ್ಮ ಮಾರುಕಟ್ಟೆಗೆ ಬಿಡುವುದಿಲ್ಲ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. ದನ, ಕೋಕೋ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ ಹೀಗೆ ಏಳು ಬಾಬತ್ತು, ತೆಂಗು ಅದರಲ್ಲಿಲ್ಲ. ಯಾವ ದೇಶದಲ್ಲಿ ಕಾಡಿಗೆ ಎಷ್ಟು ಅಪಾಯ ಅಂತ ಪಟ್ಟಿ ಮಾಡುವ ಕೆಲಸವನ್ನು ಆ ಕಾನೂನು ಐರೋಪ್ಯ ಆಯೋಗಕ್ಕೆ, ಅಂದರೆ ಅಲ್ಲಿಯ ಸರ್ಕಾರದಂಥ ಸಂಸ್ಥೆಗೆ ಬಿಟ್ಟಿತ್ತು. ಆಯೋಗ 2025ರ ಮೇ ತಿಂಗಳಲ್ಲಿ ಪಟ್ಟಿ ಹೊರಡಿಸಿತು. ಭಾರತ ‘ಕಡಿಮೆ ಅಪಾಯ’ದ ಸಾಲಿನಲ್ಲಿ ಬಂತು. ಕಡಿಮೆ ಅಂದರೆ ನೂರಕ್ಕೆ ಒಂದು ತಪಾಸಣೆ, ಮಧ್ಯಮ ಅಂದರೆ ಮೂರು, ಹೆಚ್ಚು ಅಂದರೆ ಒಂಬತ್ತು. ಸಕಲೇಶಪುರದವರು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ, ಇವನು ವಿಮಾನ ಹತ್ತುವ ಮುಂಚೆ, ಜುಲೈ 9ರಂದು ಐರೋಪ್ಯ ಸಂಸತ್ತು ಕೂತು ‘ಈ ಪಟ್ಟಿ ಸರಿಯಿಲ್ಲ, ಹಿಂದಕ್ಕೆ ತಗೊಳ್ಳಿ’ ಎಂದು 373 ಮತಗಳಿಂದ ನಿರ್ಣಯ ಮಾಡಿತು. ವಿರುದ್ಧ ಬಿದ್ದದ್ದು 289.

‘ಬ್ಯಾಡ ಅಂದ್ಮೇಲೆ ನಿಂತೋಯ್ತಾ ಪಟ್ಟಿ?’ ದೊಡ್ಡಪ್ಪ ಕೇಳಿದರು. ಕೈಯಲ್ಲಿದ್ದ ಕಾಯಿ ಗುಳುಗುಳು ಅಂತು, ಪಕ್ಕಕ್ಕೆ ಹೋಯಿತು.

‘ಇಲ್ಲ ತಾತ. ಆಯೋಗ ಇನ್ನೊಂದ್ಸಲ ಯೋಚ್ನೆ ಮಾಡ್ಬೇಕು ಅಷ್ಟೆ. ಹಿಂದಕ್ಕೆ ತಗೊಳ್ಳೇಬೇಕು ಅಂತೇನಿಲ್ಲ.’

‘ಮತ್ಯಾಕಪ್ಪ ಕೂಗಿದ್ರು?’

ಈ ಪ್ರಶ್ನೆ ಇದೆಯಲ್ಲ, ಅದು ನನ್ನನ್ನು ಅವತ್ತಿನಿಂದ ಬಿಟ್ಟಿಲ್ಲ. ನಮ್ಮ ಮಂಡಿಯಲ್ಲಿ, ನಮ್ಮ ಅಟ್ಟದಲ್ಲಿ, ದಿಲ್ಲಿಯಲ್ಲಿ, ಬ್ರಸೆಲ್ಸ್‌ನಲ್ಲಿ ಎಲ್ಲ ಕಡೆಯೂ ಕೇಳಬೇಕಾದ ಪ್ರಶ್ನೆ ಅದು.

ಕಾನೂನು ಮಾಡುವುದು ಅಂದರೆ ತೋಟ ಹಾಕಿದ ಹಾಗೆ. ಗುಂಡಿ ತೆಗೆದು ಸಸಿ ಇಟ್ಟು, ಊರವರನ್ನು ಕರೆದು ಊಟ ಹಾಕಿ, ನಾಲ್ಕು ಜನ ನೋಡುವ ಹಾಗೆ ಮಾಡುತ್ತೇವೆ. ಆದರೆ ಸಸಿ ಬದುಕುವುದು, ಸಾಯುವುದು ನೀರು ಕಟ್ಟುವವನ ಕೈಯಲ್ಲಿ. ಯಾವ ಪಾತಿಗೆ ಎಷ್ಟು ಹೊತ್ತು ನೀರು, ಯಾವ ಮಡೆ ತೆರೆಯಬೇಕು, ಯಾವುದನ್ನು ಮಣ್ಣು ಹಾಕಿ ಮುಚ್ಚಬೇಕು ಎಂಬುದೆಲ್ಲ ಸರಿರಾತ್ರಿಯಲ್ಲಿ ಕರೆಂಟು ಬಂದಾಗ, ಯಾರೂ ನೋಡದಾಗ ನಡೆಯುತ್ತದೆ. ಸಂಸತ್ತು ಕಾನೂನು ಮಾಡಿ ಎದ್ದುಹೋದ ಮೇಲೆ ಅದರ ಕೆಳಗೆ ಬರುವ ನಿಯಮ, ಅಧಿಸೂಚನೆ, ಪಟ್ಟಿ, ಮಾನದಂಡಗಳೆಲ್ಲ ಈ ನೀರು ಕಟ್ಟುವ ಕೆಲಸ. ಅದು ಆಗಲೇಬೇಕು. ಎಂಟುನೂರು ಜನ ಕೂತು ಕೊಬ್ಬರಿಯ ಗಾತ್ರ ಎಷ್ಟು ಮಿಲಿಮೀಟರ್ ಇರಬೇಕೆಂದು ಚರ್ಚೆ ಮಾಡಲು ಆಗುವುದಿಲ್ಲ. ಆದರೆ ನೀರು ಕಟ್ಟಿದವನು ಸರಿಯಾಗಿ ಕಟ್ಟಿದನಾ ಅಂತ ಬೆಳಿಗ್ಗೆ ಎದ್ದು ಯಜಮಾನ ತೋಟದ ಕಡೆ ಒಂದು ಸುತ್ತು ಹೋಗಿ ಬರಬೇಕೋ ಬೇಡವೋ?

ಯೂರೋಪಿನವರು ಇದಕ್ಕೆ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ, ಅದರ ಹೆಸರು ಕಾಮಿಟಾಲಜಿ. ‘ಕಮಿಟಿ ಅಂದ್ರೆ ಗೊತ್ತಾಯ್ತು ಬಿಡು, ಜಾತ್ರೆ ಕಮಿಟಿ ಇದ್ದಂಗೆ’ ಅಂದರು ದೊಡ್ಡಪ್ಪ. ಅವರ ಹೋಲಿಕೆ ಬಹಳ ದೂರವೇನೂ ಹೋಗಿಲ್ಲ. ಅದು ಹುಟ್ಟಿದ್ದು 1962ರಲ್ಲಿ, ಬೇಸಾಯದ ವಿಚಾರದಿಂದಲೇ. ದವಸದ ಬೆಲೆ, ಆಮದು, ರಫ್ತು ಇವನ್ನೆಲ್ಲ ದಿನದಿನವೂ ನಿಭಾಯಿಸುವ ಕೆಲಸ ಆಯೋಗಕ್ಕೆ ಬಿತ್ತು. ಅದರ ಮೇಲೆ ಕಣ್ಣಿಡಲು ಒಂದೊಂದು ದೇಶದ ಅಧಿಕಾರಿಗಳೂ ಸೇರಿದ ಸಮಿತಿ ಬಂತು. ಆಯೋಗದವರೇ ಅಧ್ಯಕ್ಷರು, ದೇಶಗಳ ಅಧಿಕಾರಿಗಳು ಮತ ಹಾಕುವವರು. ಐರೋಪ್ಯ ಸಂಸತ್ತಿಗೆ ಅಲ್ಲಿ ಜಾಗವೇ ಇರಲಿಲ್ಲ. ಸಂಸತ್ತು ಬಾಗಿಲು ತಟ್ಟುತ್ತಲೇ ಇತ್ತು. 2006ರಲ್ಲಿ ಕೆಲವು ವಿಷಯಗಳಿಗೆ ತಡೆ ಹಾಕುವ ಹಕ್ಕು ಸಿಕ್ಕಿತು. 2009ರ ಡಿಸೆಂಬರ್‌ನಲ್ಲಿ ಲಿಸ್ಬನ್ ಒಪ್ಪಂದ ಜಾರಿಗೆ ಬಂದಾಗ ದಾರಿ ಎರಡಾಗಿ ಕವಲೊಡೆಯಿತು. ಕಾನೂನಿನ ಪಠ್ಯವನ್ನೇ ತಿದ್ದುವಂಥ, ಅದಕ್ಕೆ ಸೇರಿಸುವಂಥ ಆದೇಶಗಳು ಒಂದು ಕಡೆ. ಅವನ್ನು ಸಂಸತ್ತು ತಡೆಯಬಹುದು, ಕೊಟ್ಟ ಅಧಿಕಾರವನ್ನೇ ವಾಪಸ್ ಪಡೆಯಬಹುದು. ಬರೀ ಜಾರಿ ಮಾಡುವ ಆದೇಶಗಳು ಇನ್ನೊಂದು ಕಡೆ. ಅವಕ್ಕೆ ಸಮಿತಿಯ ಕಣ್ಣು ಸಾಕು, ಸಂಸತ್ತು ‘ನಿಮಗೆ ಕೊಟ್ಟ ಎಲ್ಲೆ ಮೀರಿದ್ದೀರಿ’ ಎಂದು ಹೇಳಬಹುದು ಅಷ್ಟೇ. 2011ರಲ್ಲಿ ಅದಕ್ಕೊಂದು ನಿಯಮಾವಳಿಯೂ ಬಂತು. ಕಾಫಿಯ ಪಟ್ಟಿ ಈ ಎರಡನೇ ಕವಲಿನದು. 373 ಜನ ಕೈ ಎತ್ತಿದರೂ ಪಟ್ಟಿ ಉಳಿದದ್ದು ಅದಕ್ಕೇ.

ಹಾಗಂತ ಸಮಿತಿಯ ಕಣ್ಣು ಯಾವಾಗಲೂ ತೆರೆದಿರುತ್ತದೆ ಅಂತಲೂ ಇಲ್ಲ. ಕಳೆನಾಶಕ ಗ್ಲೈಫೊಸೇಟ್ ಹೆಸರು ನಮ್ಮ ತೋಟದವರಿಗೆ ಗೊತ್ತು. 2023ರಲ್ಲಿ ಅದರ ಪರವಾನಗಿ ಮುಂದುವರಿಸುವ ಪ್ರಶ್ನೆ ಸಮಿತಿಯ ಮುಂದೆ ಬಂದಾಗ ದೇಶಗಳ ಅಧಿಕಾರಿಗಳು ಹೌದು ಎನ್ನಲೂ ಸಾಕಷ್ಟು ಮತ ಕೂಡಿಸಲಿಲ್ಲ, ಬೇಡ ಎನ್ನಲೂ ಕೂಡಿಸಲಿಲ್ಲ. ಮೇಲ್ಮನವಿ ಸಮಿತಿಯಲ್ಲೂ ಅದೇ ಕಥೆ. ಕೊನೆಗೆ ಆಯೋಗವೇ ಹತ್ತು ವರ್ಷಕ್ಕೆ ಮುಂದುವರಿಸಿತು. ಊರಿನ ಪಂಚಾಯ್ತಿಯಲ್ಲಿ ಎಲ್ಲರೂ ಸುಮ್ಮನೆ ಕೂತರೆ ತೀರ್ಮಾನ ಆಗುವುದಿಲ್ಲವೇ? ಆಗುತ್ತದೆ, ಸುಮ್ಮನೆ ಕೂರದವನು ಹೇಳಿದಂತೆ ಆಗುತ್ತದೆ.

ಕೂಗಬಹುದು, ಆದರೆ ಕೇಳಲೇಬೇಕೆಂದಿಲ್ಲ ಎಂಬ ಮಾತು ಬಂದಾಗ ನನಗೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ನೆನಪಾಯಿತು. ದಿವಾನ್ ರಂಗಾಚಾರ್ಲು ಅವರು 1881ರ ದಸರೆಯಲ್ಲಿ ಅದನ್ನು ಮೊದಲ ಸಲ ಕೂಡಿಸಿದಾಗ ಬಂದವರು 144 ಜನ. ತಾಲ್ಲೂಕು ತಾಲ್ಲೂಕಿನಿಂದ ರೈತರು, ವರ್ತಕರು ಹೊರಟು ಮೈಸೂರು ಸೇರಿದರು. ಗಾಡಿ ಕಟ್ಟಿಕೊಂಡು, ಬುತ್ತಿ ಗಂಟು ಹಿಡಿದು, ಕೆರೆ ಒಡೆದದ್ದು, ಕಂದಾಯ ಹೆಚ್ಚಾದದ್ದು, ರಸ್ತೆ ಇಲ್ಲದ್ದು ಎಲ್ಲ ಮನಸ್ಸಿನಲ್ಲಿಟ್ಟುಕೊಂಡು ಹೋದ ಆ ಹಿರಿಯರನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವರಿಗೆ ಮತವಿರಲಿಲ್ಲ, ತಡೆಯುವ ಅಧಿಕಾರ ಇರಲಿಲ್ಲ. ದಿವಾನರು ವರ್ಷದ ಲೆಕ್ಕ ಓದುತ್ತಿದ್ದರು, ಇವರು ಎದ್ದು ನಿಂತು ಅಹವಾಲು ಹೇಳುತ್ತಿದ್ದರು. ಅಷ್ಟೇ. ಆದರೆ ಅಷ್ಟು ಜನರ ಎದುರು ದಿವಾನರಿಗೆ ಉತ್ತರ ಕೊಡಬೇಕಾಗುತ್ತಿತ್ತು ಅನ್ನುವುದು ಸಣ್ಣ ಸಂಗತಿಯಲ್ಲ. 1923ರಲ್ಲಿ ಆ ಸಭೆಗೆ ಕಾನೂನಿನ ಬಲ ಬಂತು, ಹೊಸ ತೆರಿಗೆ ಹಾಕುವ ಮುಂಚೆ, ಮಸೂದೆ ತರುವ ಮುಂಚೆ ಅದರ ಅಭಿಪ್ರಾಯ ಕೇಳಬೇಕೆಂದಾಯಿತು. ನಲವತ್ತೆರಡು ವರ್ಷ ಕೂಗಿ ಕೂಗಿ ಪಡೆದ ಹಕ್ಕು. ದೊಡ್ಡಪ್ಪನ ‘ಮತ್ಯಾಕಪ್ಪ ಕೂಗಿದ್ರು’ ಎಂಬ ಪ್ರಶ್ನೆಗೆ ಒಂದು ಉತ್ತರ ಅಲ್ಲಿರಬಹುದೇ?

ಇರಬಹುದು. ಆದರೆ ದೊಡ್ಡಪ್ಪನೂ ಕೂಗಿದವರೇ. 1993ರ ಅಕ್ಟೋಬರ್‌ನಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ವಿಶ್ವ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ಸಭೆ ಕರೆದಿತ್ತು. ದೊಡ್ಡಪ್ಪ ಹಸಿರು ಶಾಲು ಹೊದ್ದು ಲಾರಿ ಹತ್ತಿದ್ದರು. ಆ ಶಾಲು ಈಗಲೂ ಟ್ರಂಕಿನಲ್ಲಿದೆ, ಬಣ್ಣ ಮಾಸಿ ಎಳೆ ತೆಂಗಿನ ಗರಿಯ ಬಣ್ಣಕ್ಕೆ ಬಂದಿದೆ. ಅವತ್ತಿನ ಅವರ ತಕರಾರು ಬೀಜದ್ದು ಮಾತ್ರ ಆಗಿರಲಿಲ್ಲ. ‘ನಮ್ಮ ಪಾರ್ಲಿಮೆಂಟ್ನ ಕೇಳ್ದೆ ಅದೆಂಗೆ ಸೈನ್ ಹಾಕ್ತಾರೆ?’ ಎಂಬುದೂ ಆಗಿತ್ತು. ಹಾಕಿದರು. 1994ರ ಏಪ್ರಿಲ್‌ನಲ್ಲಿ ಮರಾಕೇಶ್‌ನಲ್ಲಿ ಸಹಿ ಬಿತ್ತು, 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ನಮ್ಮ ಸಂವಿಧಾನದ ಪ್ರಕಾರ ಹೊರದೇಶದ ಜೊತೆ ಒಪ್ಪಂದ ಮಾಡಿಕೊಳ್ಳಲು ಸರ್ಕಾರಕ್ಕೆ ಸಂಸತ್ತಿನ ಮುಂಚಿತ ಒಪ್ಪಿಗೆ ಬೇಕಿಲ್ಲ. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ, ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಕ್ರಮಬದ್ಧಗೊಳಿಸಲು ಸಂಸತ್ತು ಒಂದು ಕಾನೂನು ಮಾಡಬೇಕು ಎಂದು ಹೇಳಿತು. ಆ ಮಾತು ವರದಿಯಲ್ಲೇ ಉಳಿಯಿತು. 2009ರಲ್ಲಿ ಬ್ಯಾಂಕಾಕ್‌ನಲ್ಲಿ ಆಸಿಯಾನ್ ದೇಶಗಳ ಜೊತೆ ಒಪ್ಪಂದವಾಗಿ ತಾಳೆ ಎಣ್ಣೆಯ ಸುಂಕ ವರ್ಷ ವರ್ಷ ಇಳಿಯುವ ಲೆಕ್ಕ ಬಂದಾಗಲೂ ಕೇರಳದವರು ಬೀದಿಗಿಳಿದರು.

ತಾಳೆ ಎಣ್ಣೆಗೂ ನಮ್ಮ ಅಟ್ಟಕ್ಕೂ ಏನು ಸಂಬಂಧ ಅಂತ ಕೇಳುತ್ತೀರಾ? ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ಹಡಗಿನ ಎಣ್ಣೆ ಅಗ್ಗವಾದರೆ ಗಾಣದ ಎಣ್ಣೆ ಕೇಳುವವರಿಲ್ಲ, ಗಾಣದವರು ಸುಮ್ಮನಾದರೆ ಕೊಬ್ಬರಿ ಮಂಡಿಗೂ ಅದರ ಬಿಸಿ ತಟ್ಟುತ್ತದೆ. ನಮ್ಮ ಉಂಡೆ ಕೊಬ್ಬರಿ ತಿನ್ನಲು ಉತ್ತರದೇಶಕ್ಕೆ ಹೋಗುವ ಮಾಲು, ನಿಜ. ಆದರೂ ಒಂದು ಮಳಿಗೆಯ ಬೆಲೆ ಪಕ್ಕದ ಮಳಿಗೆಯನ್ನು ಮುಟ್ಟದೆ ಬಿಡುವುದಿಲ್ಲ. ಈಗ ನೋಡಿ: 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು. ಏರಿಸಿದ್ದು ಒಂದು ಅಧಿಸೂಚನೆ, ಇಳಿಸಿದ್ದು ಇನ್ನೊಂದು. ಇದಕ್ಕೆಂದು ಸದನದಲ್ಲಿ ಯಾರೂ ಕೈ ಎತ್ತಲಿಲ್ಲ. 1962ರ ಸುಂಕ ಕಾಯ್ದೆಯ 25ನೇ ಸೆಕ್ಷನ್ ಸಾರ್ವಜನಿಕ ಹಿತಕ್ಕಾಗಿ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಹೊರಡಿಸಿದ ಅಧಿಸೂಚನೆಯನ್ನು ಸಂಸತ್ತಿನ ಮುಂದೆ ಮಂಡಿಸಬೇಕು ಎಂದು 159ನೇ ಸೆಕ್ಷನ್ ಹೇಳುತ್ತದೆ.

ಮಂಡಿಸುವುದು ಅಂದರೆ ಏನು? ಬೆಳಿಗ್ಗೆ ಪ್ರಶ್ನೋತ್ತರ ಮುಗಿದ ಮೇಲೆ ಮಂತ್ರಿಗಳು ಎದ್ದು ಕಾಗದಪತ್ರಗಳನ್ನು ಸದನದ ಮೇಜಿನ ಮೇಲಿಡುತ್ತಾರೆ. ಒಟ್ಟು 30 ದಿನ ಅಲ್ಲಿರಬೇಕು, ಒಂದೇ ಅಧಿವೇಶನದಲ್ಲಾಗಲಿ, ಒಂದರ ಹಿಂದೆ ಒಂದು ಬರುವ ಅಧಿವೇಶನಗಳಲ್ಲಾಗಲಿ. ಎರಡೂ ಸದನ ಒಪ್ಪಿ ತಿದ್ದಿದರೆ ತಿದ್ದಿದಂತೆ, ಬೇಡ ಅಂದರೆ ಬಿದ್ದುಹೋದಂತೆ. ಇಂಥ ಜಾರಿ ಆದೇಶಗಳ ಮಟ್ಟಿಗೆ ಕಾಗದದ ಮೇಲೆ ನಮ್ಮ ಸಂಸತ್ತಿನ ಕೈ ಯೂರೋಪಿನ ಸಂಸತ್ತಿನ ಕೈಗಿಂತ ಗಟ್ಟಿ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅವರದು ಬರೀ ತಕರಾರು, ನಮ್ಮದು ರದ್ದು ಮಾಡುವ ಅಧಿಕಾರ. ಆದರೆ ಅದೇ ಸಾಲಿನ ಕೊನೆಗೆ ಇನ್ನೊಂದು ಮಾತಿದೆ: ಅಷ್ಟರೊಳಗೆ ಆ ನಿಯಮದ ಕೆಳಗೆ ಆಗಿಹೋದದ್ದಕ್ಕೆ ಧಕ್ಕೆಯಿಲ್ಲ. ಸದನ ಕಣ್ಣು ಬಿಡುವ ಹೊತ್ತಿಗೆ ಹಡಗು ಬಂದು ಎಣ್ಣೆ ಇಳಿಸಿ ವಾಪಸ್ ಹೋಗಿರುತ್ತದೆ.

ಆದ್ದರಿಂದ ಆ ಕಾಗದಗಳನ್ನು ಓದುವವರು ಬೇಕು. ಅದಕ್ಕೇ ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಅವರ ಕಾಲದಲ್ಲಿ, 1953ರಲ್ಲಿ ಅಧೀನ ಶಾಸನ ಸಮಿತಿ ಹುಟ್ಟಿತು. 15 ಜನ ಸದಸ್ಯರು, ಮಂತ್ರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಕಾನೂನು ಕೊಟ್ಟ ಎಲ್ಲೆಯನ್ನು ನಿಯಮ ಮೀರಿದೆಯೇ, ಹಿಂಬಾಗಿಲಿನಿಂದ ತೆರಿಗೆ ಹಾಕಿದೆಯೇ, ಕೋರ್ಟಿನ ಬಾಗಿಲು ಮುಚ್ಚಿದೆಯೇ, ಮಂಡಿಸಲು ತಡ ಮಾಡಿದ್ದಾರೆಯೇ ಎಂದು ಒಂದೊಂದನ್ನೇ ಎತ್ತಿ ನೋಡುವುದು ಅವರ ಕೆಲಸ. ರಾಜ್ಯಸಭೆಯಲ್ಲೂ ಉಂಟು, 1964ರಿಂದ. ನಮ್ಮ ವಿಧಾನಮಂಡಲದಲ್ಲೂ ಅಧೀನ ಶಾಸನ ರಚನಾ ಸಮಿತಿ ಇದೆ. ಟಿ.ವಿ.ಯಲ್ಲಿ ಅವರು ಕಾಣುವುದಿಲ್ಲ, ಗದ್ದಲ ಮಾಡುವುದಿಲ್ಲ, ಆ ಸಮಿತಿಗೆ ಹೋದವನಿಗೆ ಊರಲ್ಲಿ ಹಾರ ಹಾಕುವವರಿಲ್ಲ. ನನ್ನ ಮಟ್ಟಿಗೆ ಹಾರ ಹಾಕಬೇಕಾದದ್ದೇ ಅವರಿಗೆ. ಗುಳುಗುಳು ಯಾವುದು, ಗಡಗಡ ಯಾವುದು ಎಂದು ಕಾಯಿ ಹಿಡಿದು ಕೂರುವವರು ಅವರು.

ತೆಂಗಿನವರಿಗೆ ಇನ್ನೊಂದು ಕಿಟಕಿಯೂ ಉಂಟು. 1979ರ ಕಾಯ್ದೆಯಿಂದ ಬಂದು, 1981ರ ಜನವರಿಯಲ್ಲಿ ಕೆಲಸ ಶುರು ಮಾಡಿದ ತೆಂಗು ಅಭಿವೃದ್ಧಿ ಮಂಡಳಿಯಲ್ಲಿ ಲೋಕಸಭೆಯ ಇಬ್ಬರು, ರಾಜ್ಯಸಭೆಯ ಒಬ್ಬರು ಕೂರುತ್ತಾರೆ. ಆ ಮೂವರು ಯಾರು, ಏನು ಕೇಳಿದರು ಅಂತ ನಾವು ಎಂದಾದರೂ ಕೇಳಿದ್ದೇವೆಯೇ? ಇನ್ನು ಬೆಂಬಲ ಬೆಲೆಯಂತೂ ಯಾವ ಕಾಯ್ದೆಯ ನೆರಳಲ್ಲೂ ಇಲ್ಲ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟದ ಸಮಿತಿ ಒಪ್ಪುತ್ತದೆ, ಬೆಲೆ ಘೋಷಣೆಯಾಗುತ್ತದೆ. ಉಂಡೆ ಕೊಬ್ಬರಿಗೆ 2023ಕ್ಕೆ 11,750, 2024ಕ್ಕೆ 12,000, 2025ಕ್ಕೆ 12,100. ಮೇಜಿನ ಮೇಲಿಡಬೇಕಾದ ನಿಯಮವೇ ಇಲ್ಲದ ಮೇಲೆ ಎತ್ತಿ ನೋಡುವುದು ಏನನ್ನು?

ಆ ಬೆಂಬಲ ಬೆಲೆಯ 2024ರ ಖರೀದಿ ನೋಂದಣಿಯ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಬೆಳಗಿನ ಜಾವಕ್ಕೇ ಹೋಗಿ ಸಾಲಿನಲ್ಲಿ ಚಪ್ಪಲಿ ಬಿಟ್ಟು ಬಂದಿದ್ದೆ. ನನ್ನ ಹಿಂದೆ ಒಬ್ಬಾಕೆ ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಎಕರೆಗೆ ಇಷ್ಟೇ ಕ್ವಿಂಟಲ್, ಒಬ್ಬ ರೈತನಿಗೆ ಇಷ್ಟೇ ಅಂತ ಮಿತಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಗುರಿ ಮುಗಿಯಿತು ಅಂತ ಕಿಟಕಿ ಮುಚ್ಚಿತು. ‘ಯಾರಪ್ಪ ಈ ಲೆಕ್ಕ ಮಾಡ್ದೋರು?’ ಎಂದು ಆಕೆ ಕೇಳಿದರು. ಕಿಟಕಿಯ ಒಳಗಿದ್ದ ಹುಡುಗನಿಗೂ ಗೊತ್ತಿರಲಿಲ್ಲ, ಅವನಿಗೆ ಮೇಲಿನಿಂದ ಬಂದದ್ದು ಒಂದು ಹಾಳೆ. ಆಕೆ ಚೀಲವನ್ನು ಮತ್ತೆ ಸುತ್ತಿ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದರು.

ಹಾಳೆ ಅಂದಾಗ ದಸರಿಘಟ್ಟದ ಚೌಡೇಶ್ವರಿಯ ಮಾತು ಬರಲೇಬೇಕು. ತಿಪಟೂರಿನ ಮಗ್ಗುಲಲ್ಲೇ ಇದೆ, ನೀವು ಹೋಗಿರಬಹುದು. ಇಬ್ಬರು ಹಿಡಿದ ಅಮ್ಮನವರು ಬಾಗಿ, ಹರಡಿದ ಧಾನ್ಯದ ಮೇಲೆ ಅಕ್ಷರ ಬರೆದು ಭಕ್ತರ ಪ್ರಶ್ನೆಗೆ ಉತ್ತರ ಕೊಡುತ್ತಾರೆಂದು ಜನ ನಂಬಿ ಬರುತ್ತಾರೆ. ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ. ಬರೆದದ್ದನ್ನು ಅಲ್ಲೇ, ಕೇಳಿದವರ ಎದುರಿಗೇ, ಗಟ್ಟಿಯಾಗಿ ಓದುತ್ತಾರೆ. ಸುತ್ತ ನಿಂತವರು ಕತ್ತು ಚಾಚಿ ಅಕ್ಷರ ಕೂಡಿಸುತ್ತಾರೆ. ನಮ್ಮ ಬದುಕಿನ ಬಗ್ಗೆ ಬರೆದದ್ದನ್ನು ನಮ್ಮೆದುರು ಓದಬೇಕು ಅನ್ನುವ ಪದ್ಧತಿ ಈ ಸೀಮೆಗೆ ಹೊಸದಲ್ಲ.

ಮಾತು ಎಲ್ಲೆಲ್ಲಿಗೋ ಹೋಯಿತು. ಅಷ್ಟರಲ್ಲಿ ಮಳೆ ಹಿಡಿದು ಜಗಲಿಯ ಅಂಚಿಗೆ ಇರಚಲು ಬಡಿಯತೊಡಗಿತು, ಸುಲಿದ ಕಾಯಿಗಳನ್ನು ಒಳಗೆ ಸರಿಸಿದೆವು. ಹುಡುಗ ಹೊರಡುವ ದಿನ ಬಂತು. ದೊಡ್ಡಪ್ಪ ಅವನಿಗೆ ನಾಲ್ಕು ಕಾಯಿ ಕೊಡಬೇಕೆಂದರು. ‘ಅಲ್ಲಿ ಹಣ್ಣು ಕಾಯಿ ಒಳಗೆ ಬಿಡಲ್ಲ ತಾತ, ಸರ್ಟಿಫಿಕೇಟ್ ಬೇಕು’ ಎಂದು ಅವನು ಹೇಳಿ, ಹೇಳಿದವನೇ ಅನುಮಾನ ಬಂದು ಫೋನ್ ತೆಗೆದು ಹುಡುಕಿದ. ಹುಡುಕಿ ಜೋರಾಗಿ ನಕ್ಕ. 2019ರ ಡಿಸೆಂಬರ್‌ನಿಂದ ಯೂರೋಪಿನೊಳಗೆ ಬರುವ ಪ್ರಯಾಣಿಕರ ಹಣ್ಣು ಹಂಪಲಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು, ಆದರೆ ಐದಕ್ಕೆ ಮಾತ್ರ ಬೇಡ: ಅನಾನಸ್, ಬಾಳೆ, ಖರ್ಜೂರ, ಡುರಿಯನ್, ತೆಂಗು. ಆ ಪಟ್ಟಿಯೂ ಆಯೋಗದ ಒಂದು ಜಾರಿ ಆದೇಶದ ಕೊನೆಯಲ್ಲಿ, ಅನುಬಂಧದೊಳಗೆ ಇತ್ತು.

‘ತೆಂಗು ಅಂತ ಬರ್ದವ್ರಾ? ಇನ್ನೊಂದ್ಸಲ ಓದು’ ಅಂದರು ದೊಡ್ಡಪ್ಪ.

ಅವನು ಓದಿದ. ದೊಡ್ಡಪ್ಪ ಅಟ್ಟದ ಏಣಿ ಹತ್ತಿದರು. ಎಂಬತ್ತು ದಾಟಿದವರು, ಬೇಡವೆಂದರೂ ಕೇಳಲಿಲ್ಲ. ಮೇಲಿನ ಕತ್ತಲೆಯಿಂದ ಸ್ವಲ್ಪ ಹೊತ್ತು ಸದ್ದು ಮಾತ್ರ ಬರುತ್ತಿತ್ತು: ಗುಳುಗುಳು, ಗುಳುಗುಳು, ಆಮೇಲೆ ಗಡಗಡ. ‘ಹಿಡ್ಕಳಪ್ಪ’ ಎಂದು ಮೊದಲನೆಯದನ್ನು ಕೆಳಗೆ ಬಿಟ್ಟರು.